ಮೂವತ್ತೈದು ಡಿಗ್ರಿ ನೀರಿನಲ್ಲಿ ಹವಳ ಬದುಕುವುದು ಹೇಗೆ?

2024ರ ಏಪ್ರಿಲ್‌ನಲ್ಲಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ರೈತರು ಅಡಿಕೆ ತೋಟ ಉಳಿಸಿಕೊಳ್ಳಲು ಟ್ಯಾಂಕರ್ ನೀರಿಗೆ ಹಣ ಸುರಿಯುತ್ತಿದ್ದರು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟಿತ್ತು, ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾಗಿದ್ದವು, ಕೊಳವೆಬಾವಿಗಳು ಒಂದೊಂದಾಗಿ ಬತ್ತುತ್ತಿದ್ದವು. ಅದೇ ತಿಂಗಳ 15ರಂದು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾ, ಜಗತ್ತಿನ ಸಮುದ್ರಗಳಲ್ಲಿ ನಾಲ್ಕನೆಯ ಜಾಗತಿಕ ಹವಳ ಬಿಳಿಚುವಿಕೆ ನಡೆಯುತ್ತಿದೆ ಎಂದು ಪ್ರಕಟಿಸಿತು. ಮೇಲುನೋಟಕ್ಕೆ ಈ ಎರಡು ಸುದ್ದಿಗಳಿಗೆ ಸಂಬಂಧವಿಲ್ಲ. ಆದರೆ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೊ ಎಂಬ ವಿದ್ಯಮಾನ 2023ರಲ್ಲಿ ನಮ್ಮ ಮುಂಗಾರನ್ನು ದುರ್ಬಲಗೊಳಿಸಿದ ಕಾರಣಗಳಲ್ಲಿ ಒಂದಾಗಿತ್ತು. ಮೊದಲೇ ಕಾದಿದ್ದ ಸಮುದ್ರಗಳನ್ನು ಇನ್ನಷ್ಟು ಕಾಯಿಸಿ ಹವಳಗಳನ್ನು ಬಿಳಿಚಿಸಿದ್ದರಲ್ಲೂ ಅದರ ಕೈವಾಡವಿತ್ತು.

ಈ ಸುದ್ದಿ ಓದಿದ ಬಯಲುಸೀಮೆಯವರಿಗೆ ಒಂದು ಸಂದೇಹ ಬರುವುದು ಸಹಜ. ಚಳ್ಳಕೆರೆ, ಹಿರಿಯೂರು, ಜಗಳೂರಿನ ಕಡೆ ಬೇಸಿಗೆಯ ಮಧ್ಯಾಹ್ನ ಪಾದರಸ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬರುತ್ತದೆ, ಬೆಳಗಿನ ಜಾವಕ್ಕೆ ಹತ್ತು ಹದಿನೈದು ಡಿಗ್ರಿ ಕೆಳಗಿಳಿಯುತ್ತದೆ. ದಿನಕ್ಕೆ ಇಷ್ಟು ಏರಿಳಿತವನ್ನು ಕುರಿ, ದನ, ಶೇಂಗಾ, ಮನುಷ್ಯ ಎಲ್ಲರೂ ತಾಳಿಕೊಳ್ಳುವಾಗ, ಸಮುದ್ರದ ನೀರು ಕೇವಲ ಒಂದೆರಡು ಡಿಗ್ರಿ ಹೆಚ್ಚಾದರೆ ಹವಳ ಏಕೆ ಸಾಯಬೇಕು? ವಿಜ್ಞಾನಿಗಳನ್ನು ಕಾಡಿದ್ದು ಇದರ ಇನ್ನೊಂದು ಮಗ್ಗುಲು. ಅಬುಧಾಬಿಯ ಕರಾವಳಿಯಲ್ಲಿ ಬೇಸಿಗೆಯ ನೀರು 34, 35 ಡಿಗ್ರಿ ಮುಟ್ಟುತ್ತದೆ. ಬೇರೆ ಬಹುತೇಕ ಸಮುದ್ರಗಳ ಹವಳಗಳು ಅಲ್ಲಿ ಹೆಚ್ಚು ದಿನ ಉಳಿಯಲಾರವು. ಹಾಗಿದ್ದರೂ ಅಲ್ಲಿ ಸಾವಿರಾರು ವರ್ಷಗಳಿಂದ ಹವಳಗಳಿವೆ. ಈ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ಅಲ್ಲಿಗೆ ತಲುಪಲು ಹವಳವೆಂಬ ಜೀವಿಯಿಂದಲೇ ಆರಂಭಿಸಬೇಕು.

ತಾಳಿಯ ಹವಳ ಬೇರೆ, ದಿಬ್ಬದ ಹವಳ ಬೇರೆ

ನಮ್ಮಲ್ಲಿ ಹವಳವೆಂದರೆ ಮೊದಲು ನೆನಪಾಗುವುದು ತಾಳಿ ಸರದಲ್ಲಿ ಕರಿಮಣಿಯ ಜೊತೆಗೆ ಪೋಣಿಸುವ ಕೆಂಪು ಮಣಿ. ಅದು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ಮಬ್ಬುಗತ್ತಲಿನ ಆಳದಲ್ಲಿ ಬೆಳೆಯುವ ಒಂದು ಜಾತಿಯ ಗಟ್ಟಿ ಅಸ್ಥಿಪಂಜರ. ಆ ಹವಳಕ್ಕೆ ಬಿಸಿಲು ಬೇಕಿಲ್ಲ, ಅದು ದಿಬ್ಬಗಳನ್ನೂ ಕಟ್ಟುವುದಿಲ್ಲ. ಈ ಲೇಖನದ ವಸ್ತು ಅದರ ದೂರದ ಸಂಬಂಧಿ: ಉಷ್ಣವಲಯದ ತಿಳಿನೀರಿನಲ್ಲಿ ಬಿಸಿಲಿಗೆ ಮೈಯೊಡ್ಡಿ ಬೆಳೆಯುವ, ತಲೆಮಾರಿನಿಂದ ತಲೆಮಾರಿಗೆ ಸುಣ್ಣದ ದಿಬ್ಬ ಕಟ್ಟುವ ಹವಳ.

ಈ ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದು ಪ್ರಾಣಿ. ಹತ್ತಿರದಿಂದ ನೋಡಿದರೆ ಕಲ್ಲಿನಂತೆ ಕಾಣುವ ಮೈಯ ತುಂಬ ಸಣ್ಣ ಸಣ್ಣ ಬಟ್ಟಲುಗಳಿರುತ್ತವೆ. ಒಂದೊಂದು ಬಟ್ಟಲಿನಲ್ಲಿ ಪಾಲಿಪ್ ಎಂಬ ಮೆತ್ತನೆಯ ಜೀವಿ ಕುಳಿತಿರುತ್ತದೆ. ಬಹಳಷ್ಟು ಜಾತಿಗಳಲ್ಲಿ ಅದರ ಅಗಲ ಕೆಲವೇ ಮಿಲಿಮೀಟರ್. ಚೀಲದಂಥ ಮೈಗೆ ಒಂದೇ ಬಾಯಿ, ಬಾಯಿಯ ಸುತ್ತ ಬೆರಳುಗಳಂಥ ಗ್ರಾಹಕಗಳ ಒಂದು ಸುತ್ತು. ಹಗಲು ಹೊತ್ತು ಮುದುಡಿಕೊಂಡಿರುವ ಈ ಗ್ರಾಹಕಗಳನ್ನು ಹೆಚ್ಚಿನ ಪಾಲಿಪ್‌ಗಳು ರಾತ್ರಿ ಹೊರಚಾಚಿ, ನೀರಿನಲ್ಲಿ ತೇಲಿಬರುವ ಸೂಕ್ಷ್ಮಜೀವಿಗಳನ್ನು ಕುಟುಕಿ ಹಿಡಿಯುತ್ತವೆ. ತಾನು ಕುಳಿತ ಬಟ್ಟಲನ್ನು ಪಾಲಿಪ್ ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂನಿಂದ ತಾನೇ ಕಟ್ಟಿಕೊಳ್ಳುತ್ತದೆ. ಒಂದು ಪಾಲಿಪ್ ಕವಲೊಡೆದು ಎರಡಾಗಿ, ಎರಡು ನಾಲ್ಕಾಗಿ, ಲಕ್ಷಾಂತರ ಪಾಲಿಪ್‌ಗಳ ಒಂದು ವಸಾಹತು ಆಗುತ್ತದೆ. ಹಳೆಯವು ಸತ್ತ ಮೇಲೆ ಉಳಿದ ಸುಣ್ಣದ ಮೇಲೆ ಹೊಸವು ಬೆಳೆಯುತ್ತವೆ. ಸಾಗರತಳದ ಶೇ 1ಕ್ಕಿಂತ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳು ಕಡಲಜೀವಿಗಳ ಸುಮಾರು ಕಾಲುಭಾಗ ಜಾತಿಗಳಿಗೆ ಬದುಕಿನ ಯಾವುದಾದರೊಂದು ಹಂತದಲ್ಲಿ ಆಸರೆಯಾಗಿವೆ.

ಕೋರಿನ ಒಪ್ಪಂದ

ಪಾಲಿಪ್ ತನ್ನ ಗ್ರಾಹಕಗಳಿಂದ ಹಿಡಿಯುವ ಆಹಾರ ಇಷ್ಟು ದೊಡ್ಡ ಕಟ್ಟಡಕ್ಕೆ ಸಾಲುವುದಿಲ್ಲ. ಅದರ ಮೈಯ ಜೀವಕೋಶಗಳೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸಿಸುತ್ತವೆ. ಒಂದು ಚದರ ಸೆಂಟಿಮೀಟರ್ ಹವಳದಲ್ಲಿ ಇವು ಹತ್ತು ಲಕ್ಷದ ಲೆಕ್ಕದಲ್ಲಿರುತ್ತವೆ. ಹವಳಕ್ಕೆ ಕಂದು, ಹಸಿರು ಬಣ್ಣ ಬರುವುದು ಬಹುಮಟ್ಟಿಗೆ ಇವುಗಳಿಂದ. ನಮ್ಮ ಕಡೆ ಹೊಲವನ್ನು ಕೋರಿಗೆ ಕೊಡುವ ಪದ್ಧತಿ ಗೊತ್ತಿರುವವರಿಗೆ ಈ ಸಂಬಂಧ ಸುಲಭವಾಗಿ ಅರ್ಥವಾಗುತ್ತದೆ. ಜಮೀನು, ಗೊಬ್ಬರ ಒಬ್ಬರದು, ದುಡಿಮೆ ಇನ್ನೊಬ್ಬರದು, ಬಂದ ಫಸಲಿನಲ್ಲಿ ಇಬ್ಬರಿಗೂ ಪಾಲು. ಇಲ್ಲಿ ಪಾಲಿಪ್ ನೆಲೆ ಕೊಡುತ್ತದೆ, ತನ್ನ ಉಸಿರಿನ ಇಂಗಾಲದ ಡೈಆಕ್ಸೈಡ್ ಮತ್ತು ತ್ಯಾಜ್ಯದ ಸಾರಜನಕವನ್ನು ಗೊಬ್ಬರವಾಗಿ ಕೊಡುತ್ತದೆ. ಪಾಚಿ ಬಿಸಿಲಿನಲ್ಲಿ ದ್ಯುತಿಸಂಶ್ಲೇಷಣೆ ನಡೆಸಿ ಸಕ್ಕರೆ ತಯಾರಿಸಿ, ಅದರ ದೊಡ್ಡ ಪಾಲನ್ನು ಪಾಲಿಪ್‌ಗೆ ಒಪ್ಪಿಸುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ 90ರವರೆಗೂ ಹೀಗೆ ಬರಬಹುದು.

ನೀರು ಬಿಸಿಯಾದಾಗ ಮುರಿದುಬೀಳುವುದು ಈ ಒಪ್ಪಂದವೇ. ಉಷ್ಣತೆ ಮಿತಿ ಮೀರಿದರೆ, ಮೇಲಿಂದ ಬಿಸಿಲೂ ತೀಕ್ಷ್ಣವಾಗಿದ್ದರೆ, ಪಾಚಿಯೊಳಗೆ ಬೆಳಕನ್ನು ಹಿಡಿದು ಬಳಸುವ ಯಂತ್ರಾಂಗ ಹದಗೆಡುತ್ತದೆ. ಬೆಳಕು ಬಂದು ಬೀಳುತ್ತಲೇ ಇರುತ್ತದೆ, ಆದರೆ ಆ ಶಕ್ತಿಯನ್ನು ಸಕ್ಕರೆಯಾಗಿಸಲು ಆಗುವುದಿಲ್ಲ. ದಿಕ್ಕುತಪ್ಪಿದ ಆ ಶಕ್ತಿ ಆಮ್ಲಜನಕದ ಜೊತೆ ಸೇರಿ, ಜೀವಕೋಶದ ಪೊರೆ ಮತ್ತು ಪ್ರೋಟೀನ್‌ಗಳನ್ನು ಸುಡುವಂಥ ಅತಿ ಚುರುಕಿನ ರಾಸಾಯನಿಕಗಳನ್ನು ಹುಟ್ಟಿಸುತ್ತದೆ. ಈ ಹಾನಿಗೆ ಸಿಕ್ಕ ಪಾಲಿಪ್ ಪಾಚಿಗಳನ್ನು ಹೊರಹಾಕುತ್ತದೆ. ಬಣ್ಣ ಹೋದ ಪಾರದರ್ಶಕ ಮೈಯ ಕೆಳಗಿನ ಬಿಳಿ ಸುಣ್ಣ ಎದ್ದು ಕಾಣುವುದರಿಂದ ಇದಕ್ಕೆ ಬಿಳಿಚುವಿಕೆ ಎಂಬ ಹೆಸರು ಬಂದಿದೆ.

ಬಿಳಿಚಿದ ಹವಳ ಸತ್ತ ಹವಳವಲ್ಲ. ಸುದ್ದಿಗಳಲ್ಲಿ ಈ ಎರಡನ್ನೂ ಒಂದೇ ಎಂಬಂತೆ ಬರೆಯುವುದುಂಟು, ಆದ್ದರಿಂದ ಇದನ್ನು ಒತ್ತಿ ಹೇಳಬೇಕು. ಅದು ಹಸಿದಿರುವ ಹವಳ. ಕೆಲವು ವಾರಗಳಲ್ಲಿ ನೀರು ತಂಪಾದರೆ ಉಳಿದ ಅಲ್ಪಸ್ವಲ್ಪ ಪಾಚಿ ಮತ್ತೆ ಹೆಚ್ಚಿ ಹವಳ ಚೇತರಿಸಿಕೊಳ್ಳಬಲ್ಲದು. ಬಿಸಿ ಮುಂದುವರಿದರೆ ಹಸಿವಿನಿಂದಲೋ ರೋಗದಿಂದಲೋ ಸಾಯುತ್ತದೆ.

ಒಂದು ಡಿಗ್ರಿಯ ಲೆಕ್ಕ

ಹವಳಕ್ಕೆ ಇಷ್ಟೇ ಡಿಗ್ರಿ ಎಂಬ ಒಂದು ಮಿತಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಪ್ರತಿಯೊಂದು ಜಾಗದ ಹವಳಕ್ಕೂ ಅದರದೇ ಮಿತಿ ಇದೆ, ಆ ಮಿತಿ ಅಲ್ಲಿನ ಬೇಸಿಗೆಗೆ ಅಂಟಿಕೊಂಡಿದೆ. ವರ್ಷದ ಅತಿ ಬಿಸಿಯಾದ ತಿಂಗಳಲ್ಲಿ ಒಂದು ಜಾಗದ ನೀರಿನ ಸರಾಸರಿ ಉಷ್ಣತೆ ಎಷ್ಟಿರುತ್ತದೋ ಅದಕ್ಕಿಂತ ಒಂದು ಡಿಗ್ರಿ ಮೇಲೆ ಹೋದರೆ ಅಲ್ಲಿನ ಹವಳಕ್ಕೆ ಸಂಕಟ ಶುರುವಾಗುತ್ತದೆ ಎಂಬುದು ಸ್ಥೂಲವಾದ ನಿಯಮ. 27 ಡಿಗ್ರಿಯ ಬೇಸಿಗೆಗೆ ಹೊಂದಿಕೊಂಡ ಹವಳ 28ರಲ್ಲಿ, 30ಕ್ಕೆ ಹೊಂದಿಕೊಂಡದ್ದು 31ರಲ್ಲಿ ಒತ್ತಡಕ್ಕೆ ಸಿಲುಕುತ್ತದೆ.

ಒಂದು ಡಿಗ್ರಿ ನೆಲದ ಮೇಲಿರುವ ನಮಗೆ ಅಲ್ಪವೆನಿಸುವುದು ನಾವು ಗಾಳಿಯಲ್ಲಿ ಬದುಕುವುದರಿಂದ. ಗಾಳಿ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಅಷ್ಟೇ ತೂಕದ ಗಾಳಿಯನ್ನು ಒಂದು ಡಿಗ್ರಿ ಕಾಯಿಸುವುದಕ್ಕೆ ಬೇಕಾದುದರ ನಾಲ್ಕು ಪಟ್ಟು ಶಾಖ ನೀರಿಗೆ ಬೇಕು. ಹೀಗಾಗಿ ತೆರೆದ ಸಾಗರದಲ್ಲಿ ಹಗಲು ರಾತ್ರಿಯ ವ್ಯತ್ಯಾಸ ಹೆಚ್ಚಾಗಿ ಒಂದು ಡಿಗ್ರಿಯನ್ನೂ ಮುಟ್ಟುವುದಿಲ್ಲ. ಚಳ್ಳಕೆರೆಯ ಕುರಿಗೆ ಬೆಳಗಿನ ಜಾವದ ತಂಪು ಸಿಗುತ್ತದೆ, ಮಧ್ಯಾಹ್ನ ಮರದ ನೆರಳು ಸಿಗುತ್ತದೆ. ತಳಕ್ಕೆ ಅಂಟಿ ಕುಳಿತ ಹವಳಕ್ಕೆ ಅಂಥ ಬಿಡುವಿಲ್ಲ. ಹೆಚ್ಚಾದ ಒಂದು ಡಿಗ್ರಿ ಹಗಲೂ ರಾತ್ರಿ, ವಾರಗಟ್ಟಲೆ ಅದರ ಸುತ್ತ ಇರುತ್ತದೆ.

ಆದ್ದರಿಂದ ಬಿಸಿ ಎಷ್ಟಿತ್ತು ಎಂಬುದರ ಜೊತೆಗೆ ಎಷ್ಟು ದಿನ ಇತ್ತು ಎಂಬುದನ್ನೂ ಲೆಕ್ಕ ಹಾಕಬೇಕಾಗುತ್ತದೆ. ನೋವಾ ಸಂಸ್ಥೆ ಉಪಗ್ರಹಗಳ ಮಾಹಿತಿಯಿಂದ ಈ ಲೆಕ್ಕವನ್ನು ಇಡುತ್ತದೆ. ಅದರ ಅಳತೆಗೋಲಿಗೆ ಡಿಗ್ರಿ ಹೀಟಿಂಗ್ ವೀಕ್ ಎಂದು ಹೆಸರು. ಒಂದು ಜಾಗದ ಅತಿ ಬಿಸಿ ತಿಂಗಳ ಸರಾಸರಿ 29 ಡಿಗ್ರಿ ಎಂದುಕೊಳ್ಳೋಣ. ಅಲ್ಲಿ ನೀರು ಎರಡು ವಾರ 31 ಡಿಗ್ರಿಯಲ್ಲಿ ನಿಂತರೆ, ಎರಡು ಡಿಗ್ರಿಯನ್ನು ಎರಡು ವಾರದಿಂದ ಗುಣಿಸಿ 4 ಎಂದು ಬರೆದುಕೊಳ್ಳುತ್ತಾರೆ. ಹಿಂದಿನ 12 ವಾರಗಳ ಇಂಥ ಮೊತ್ತ 4 ಮುಟ್ಟಿದರೆ ಗಮನಾರ್ಹ ಬಿಳಿಚುವಿಕೆ, 8 ಮುಟ್ಟಿದರೆ ವ್ಯಾಪಕ ಬಿಳಿಚುವಿಕೆ ಮತ್ತು ಸಾವು ಎಂಬುದು ಎಚ್ಚರಿಕೆಯ ಮಟ್ಟ. 2023ರಲ್ಲಿ ಹಲವೆಡೆ ಮೊತ್ತ 8ನ್ನು ಎಷ್ಟು ದೂರ ದಾಟಿತೆಂದರೆ, ಇದ್ದ ಎಚ್ಚರಿಕೆಯ ಹಂತಗಳು ಸಾಲದೆ ಸಂಸ್ಥೆ ಮೇಲೆ ಇನ್ನೂ ಮೂರು ಹಂತಗಳನ್ನು ಸೇರಿಸಬೇಕಾಯಿತು.

ಪರ್ಷಿಯನ್ ಕೊಲ್ಲಿಯ ಹವಳಗಳು

ಹವಳದ ಮಿತಿ ಅಲ್ಲಿನ ಬೇಸಿಗೆಗೆ ಅಂಟಿಕೊಂಡಿದೆ ಎಂದಾದರೆ, ಜಗತ್ತಿನ ಅತಿ ಬಿಸಿಯಾದ ಹವಳದ ಕಡಲಿನಲ್ಲಿ ಆ ಮಿತಿ ಎಷ್ಟಿರಬಹುದು? ಇರಾನ್, ಸೌದಿ ಅರೇಬಿಯಾ, ಕತಾರ್, ಸಂಯುಕ್ತ ಅರಬ್ ಸಂಸ್ಥಾನಗಳ ನಡುವಿನ ಪರ್ಷಿಯನ್ ಕೊಲ್ಲಿ ಆ ಕಡಲು. ಅದರ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ. ಸುತ್ತ ಮರುಭೂಮಿ. ಹಾರ್ಮುಝ್ ಜಲಸಂಧಿಯ ಕಿರುದಾರಿ ಬಿಟ್ಟರೆ ಹೊರಸಾಗರದ ಜೊತೆ ಸಂಪರ್ಕವಿಲ್ಲ. ಆಳವಿಲ್ಲದ ನೀರು ಬೇಸಿಗೆಯಲ್ಲಿ ಬೇಗ ಕಾಯುತ್ತದೆ, ಚಳಿಗಾಲದಲ್ಲಿ ಅಷ್ಟೇ ಬೇಗ ತಣ್ಣಗಾಗಿ 20 ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ಆವಿಯಾಗುವ ನೀರು ಹೆಚ್ಚು, ಬಂದು ಸೇರುವ ಸಿಹಿನೀರು ಕಡಿಮೆಯಾದ್ದರಿಂದ ಉಪ್ಪು ಕೂಡ ಹೆಚ್ಚು: ಸಾಮಾನ್ಯ ಸಮುದ್ರದ ಒಂದು ಕಿಲೋ ನೀರಿನಲ್ಲಿ 35 ಗ್ರಾಂ ಉಪ್ಪಿದ್ದರೆ ಕೊಲ್ಲಿಯ ದಕ್ಷಿಣ ಭಾಗದಲ್ಲಿ 42 ಗ್ರಾಂಗೂ ಮೀರಿ ಇರುತ್ತದೆ. ಅತಿಯಾದ ಬಿಸಿ, ಅತಿಯಾದ ಚಳಿ, ಅತಿಯಾದ ಉಪ್ಪು ಮೂರನ್ನೂ ಇಲ್ಲಿನ ಹವಳ ಒಂದೇ ವರ್ಷದಲ್ಲಿ ತಾಳಬೇಕು. ಬೇರೆಡೆ ಹವಳಗಳು 29ರಿಂದ 32 ಡಿಗ್ರಿಯ ನಡುವೆ ಬಿಳಿಚಿದರೆ, ಇಲ್ಲಿನ ದಕ್ಷಿಣ ತೀರದವು 35 ದಾಟುವವರೆಗೆ ನಿಲ್ಲುತ್ತವೆ.

ಈ ತಾಳಿಕೆಯ ಒಂದು ಗುಟ್ಟು 2015ರಲ್ಲಿ ಬಯಲಾಯಿತು. ಕೊಲ್ಲಿಯ ಹವಳಗಳೊಳಗೆ ಹೆಚ್ಚಾಗಿ ಇರುವುದು ಅದುವರೆಗೆ ಹೆಸರಿಲ್ಲದಿದ್ದ ಒಂದು ಪಾಚಿ ಎಂದು ತಿಳಿದು, ಅದಕ್ಕೆ ಥರ್ಮೋಫಿಲಂ, ಅಂದರೆ ಶಾಖವನ್ನು ಮೆಚ್ಚುವುದು ಎಂಬ ಹೆಸರಿಟ್ಟರು. ಈಗ ಅದರ ಪೂರ್ಣ ಹೆಸರು ಕ್ಲಾಡೊಕೋಪಿಯಂ ಥರ್ಮೋಫಿಲಂ. ಮರುವರ್ಷದ ಅಧ್ಯಯನಗಳು ಇನ್ನೂ ಕುತೂಹಲದ ಸಂಗತಿ ತಿಳಿಸಿದವು. ಈ ಪಾಚಿಯ ಬಂಧುಗಳು ಕೊಲ್ಲಿಯ ಹೊರಗೂ ಇವೆ, ಆದರೆ ಅಲ್ಲಿ ತೀರಾ ವಿರಳ. ಅಂದರೆ ಬಿಸಿ ತಾಳುವ ಪಾಚಿ ಕೊಲ್ಲಿಯಲ್ಲಿ ಶೂನ್ಯದಿಂದ ಹುಟ್ಟಲಿಲ್ಲ. ಮೂಲೆಯಲ್ಲೆಲ್ಲೋ ಇದ್ದ ಅಲ್ಪಸಂಖ್ಯೆಯ ಪಾಚಿಯನ್ನು ಕೊಲ್ಲಿಯ ಬಿಸಿ ಆರಿಸಿ ಮುಂದೆ ತಂದಿತು.

ಕೊಲ್ಲಿಯ ವಯಸ್ಸು ತಿಳಿದರೆ ಇದರ ಮಹತ್ವ ಹೊಳೆಯುತ್ತದೆ. ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಾಣುವ ಕಪ್ಪು ಶಿಲೆಗಳಿವೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರುವ ಆ ಬಂಡೆಗಳು ನೀರಿನಡಿಯಲ್ಲಿ ಉಕ್ಕಿದ ಲಾವಾ ತಟ್ಟನೆ ತಣಿದು ಆದವು. ಇಂದು ಒಣಭೂಮಿಯಾಗಿರುವ ನಮ್ಮ ನೆಲ ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನ ತಳವಾಗಿತ್ತು ಎಂಬುದಕ್ಕೆ ಅವೇ ಸಾಕ್ಷಿ. ಆಗ ಹವಳಗಳೇ ಇರಲಿಲ್ಲ. ಇಂದಿನ ದಿಬ್ಬ ಕಟ್ಟುವ ಹವಳಗಳ ವಂಶ ಕಾಣಿಸಿಕೊಂಡದ್ದು ಸುಮಾರು 24 ಕೋಟಿ ವರ್ಷಗಳ ಈಚೆಗೆ. ಆ ಅಳತೆಯಲ್ಲಿ ಪರ್ಷಿಯನ್ ಕೊಲ್ಲಿ ತೀರಾ ಎಳೆಯದು. ಹಿಮಯುಗದಲ್ಲಿ ಅದು ಒಣನೆಲವಾಗಿತ್ತು. ಹಿಮ ಕರಗಿ ಸಮುದ್ರಮಟ್ಟ ಏರಿದಂತೆ ನೀರು ನುಗ್ಗಿ, ಇಂದಿನ ರೂಪಕ್ಕೆ ಬಂದದ್ದು ಸುಮಾರು 6,000 ವರ್ಷಗಳ ಹಿಂದೆ. ಇಷ್ಟು ಕಡಿಮೆ ಅವಧಿಯಲ್ಲಿ ಹವಳ ಮತ್ತು ಪಾಚಿ ಹಲವು ಡಿಗ್ರಿ ಹೆಚ್ಚಿನ ಬಿಸಿಗೆ ಒಗ್ಗಿಕೊಂಡದ್ದು ನಿಜಕ್ಕೂ ಬೆರಗಿನ ವಿಷಯ. ಆದರೆ ಇಂದಿನ ಸಮುದ್ರಗಳು ಕಾಯುತ್ತಿರುವುದು ಸಾವಿರಾರು ವರ್ಷಗಳ ಲೆಕ್ಕದಲ್ಲಲ್ಲ, ದಶಕಗಳ ಲೆಕ್ಕದಲ್ಲಿ.

ತಾಳಿಕೆ ಪಾಚಿಯಿಂದ ಮಾತ್ರ ಬರುವುದಿಲ್ಲ

ಪಾಲಿಪ್‌ನ ಪಾತ್ರವೂ ಇದರಲ್ಲಿ ದೊಡ್ಡದು. ಬಿಸಿ ತಗುಲಿದಾಗ ಜೀವಕೋಶದೊಳಗಿನ ಪ್ರೋಟೀನ್‌ಗಳು ತಮ್ಮ ಮಡಿಕೆ ಕಳೆದುಕೊಂಡು ಕೆಲಸಕ್ಕೆ ಬಾರದಂತಾಗುತ್ತವೆ. ಅವುಗಳನ್ನು ಸರಿಪಡಿಸಲು ಎಲ್ಲ ಜೀವಿಗಳಲ್ಲೂ ಉಷ್ಣ ಆಘಾತ ಪ್ರೋಟೀನ್‌ಗಳು ಎಂಬ ವಿಶೇಷ ರಕ್ಷಕ ಪ್ರೋಟೀನ್‌ಗಳಿವೆ. ಪೆಸಿಫಿಕ್‌ನ ಅಮೆರಿಕನ್ ಸಮೋವಾದಲ್ಲಿರುವ ಒಫು ದ್ವೀಪದ ಅಂಚಿನ ಮಡುಗಳಲ್ಲಿ ಇಳಿತದ ವೇಳೆ ಕೆಲವು ಗಂಟೆಗಳ ಕಾಲ ನೀರು 34, 35 ಡಿಗ್ರಿಗೆ ಏರಿ ಮತ್ತೆ ಇಳಿಯುತ್ತದೆ. ಅಲ್ಲಿನ ಹವಳಗಳು ಇಂಥ ರಕ್ಷಣೆಗೆ ಸಂಬಂಧಿಸಿದ ಹಲವು ಜೀನ್‌ಗಳನ್ನು ಬಿಸಿ ಬರುವುದಕ್ಕೆ ಮುಂಚೆಯೇ ಹೆಚ್ಚಿನ ಮಟ್ಟದಲ್ಲಿ ಚಾಲೂ ಇಟ್ಟಿರುತ್ತವೆ ಎಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಪಕ್ಕದ ತಂಪು ಮಡುವಿನ ಹವಳಗಳನ್ನು ಬಿಸಿ ಮಡುವಿಗೆ ಸ್ಥಳಾಂತರಿಸಿದಾಗ, ಎರಡು ವರ್ಷದೊಳಗೆ ಅವೂ ಸಾಕಷ್ಟು ತಾಳಿಕೆ ಗಳಿಸಿಕೊಂಡದ್ದು 2014ರಲ್ಲಿ ವರದಿಯಾಯಿತು. ಆದರೂ ಬಿಸಿ ಮಡುವಿನಲ್ಲೇ ಹುಟ್ಟಿದವುಗಳ ಮಟ್ಟವನ್ನು ಅವು ಪೂರ್ತಿ ಮುಟ್ಟಲಿಲ್ಲ. ಅಂದರೆ ತಾಳಿಕೆಯ ಒಂದು ಭಾಗ ಬದುಕಿನ ಅಭ್ಯಾಸದಿಂದ ಬರುತ್ತದೆ, ಇನ್ನೊಂದು ಭಾಗ ವಂಶದಿಂದ.

ವಂಶದ ಭಾಗವನ್ನು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಒಂದು ಪ್ರಯೋಗ ಸ್ಪಷ್ಟಪಡಿಸಿತು. ಬಿಸಿಯಾದ ಉತ್ತರ ಭಾಗದ ಹವಳವನ್ನು ತಂಪಾದ ದಕ್ಷಿಣ ಭಾಗದ ಹವಳದೊಂದಿಗೆ ಕೂಡಿಸಿ ಮರಿಗಳನ್ನು ಪಡೆದಾಗ, ತಂದೆ ತಾಯಿ ಉತ್ತರದವರಾಗಿದ್ದ ಮರಿಗಳು ಬಿಸಿನೀರಿನಲ್ಲಿ ಬದುಕುಳಿಯುವ ಸಾಧ್ಯತೆ ಹತ್ತು ಪಟ್ಟಿನವರೆಗೂ ಹೆಚ್ಚಿತ್ತು. 2015ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಮರಿಗಳೊಳಗೆ ಪಾಚಿ ಇನ್ನೂ ಸೇರಿರಲಿಲ್ಲ. ಆದ್ದರಿಂದ ವ್ಯತ್ಯಾಸ ಹವಳದ ಸ್ವಂತ ಜೀನ್‌ಗಳದೇ.

ಹಾಗಾದರೆ ಆ ಹವಳವನ್ನೇ ತಂದು ನೆಡಬಹುದಲ್ಲ?

ಬರ ತಾಳುವ ತಳಿಗಳನ್ನು ಹುಡುಕಿ ಬಿತ್ತುವ ನಮ್ಮ ರೈತರಿಗೆ ಈ ಪ್ರಶ್ನೆ ತಕ್ಷಣ ಹೊಳೆಯುತ್ತದೆ. ಪ್ರಶ್ನೆ ಸರಿಯಾದದ್ದೇ, ಆದರೆ ಎರಡು ತೊಡಕುಗಳಿವೆ.

ಮೊದಲನೆಯದು ಉಪ್ಪು. ಕೊಲ್ಲಿಯ ಹವಳಗಳನ್ನು ಸಾಮಾನ್ಯ ಸಮುದ್ರದಷ್ಟು ಉಪ್ಪಿರುವ ನೀರಿನಲ್ಲಿಟ್ಟು ಪರೀಕ್ಷಿಸಿದಾಗ ಅವುಗಳ ವಿಶೇಷ ತಾಳಿಕೆಯೇ ಮಾಯವಾಯಿತು. ಅವು ಒಗ್ಗಿಕೊಂಡಿರುವುದು ಬಿಸಿ ಮತ್ತು ಉಪ್ಪು ಎರಡೂ ಸೇರಿದ ಒಂದು ನಿರ್ದಿಷ್ಟ ಪರಿಸರಕ್ಕೆ. ಎರಡನೆಯದು ಬೆಳವಣಿಗೆ. ಬಿಸಿ ತಾಳುವುದಕ್ಕೆ ಹೆಸರಾದ ಡುರುಸ್ಡೀನಿಯಂ ಎಂಬ ಇನ್ನೊಂದು ಪಾಚಿಯ ಕುಲ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನಲ್ಲಿದೆ. ಅದನ್ನು ಸೇರಿಸಿಕೊಂಡ ಹವಳಕ್ಕೆ ಒಂದರಿಂದ ಒಂದೂವರೆ ಡಿಗ್ರಿ ಹೆಚ್ಚಿನ ತಾಳಿಕೆ ಸಿಗುತ್ತದೆ. ಆದರೆ ಆ ಪಾಚಿ ಕೊಡುವ ಆಹಾರದ ಪಾಲು ಕಡಿಮೆಯಾದ್ದರಿಂದ ಅನೇಕ ಹವಳಗಳು ನಿಧಾನವಾಗಿ ಬೆಳೆಯುತ್ತವೆ. ಅಲೆ, ಚಂಡಮಾರುತಗಳು ಸವೆಸುವ ದಿಬ್ಬಕ್ಕೆ ಬೆಳವಣಿಗೆಯೇ ಜೀವಾಳ.

ಸಂಶೋಧಕರು ಕೈಚೆಲ್ಲಿಲ್ಲ. ಆಸ್ಟ್ರೇಲಿಯಾದಲ್ಲಿ ಪಾಚಿಗಳನ್ನು ಪ್ರಯೋಗಾಲಯದಲ್ಲಿ ನಾಲ್ಕು ವರ್ಷ 31 ಡಿಗ್ರಿಯಲ್ಲಿ ಬೆಳೆಸಿ, ಬಿಸಿಗೆ ಒಗ್ಗಿದ ತಳಿಗಳನ್ನು ಪಡೆದು, ಅವುಗಳಲ್ಲಿ ಕೆಲವನ್ನು ಹವಳದ ಮರಿಗಳೊಳಗೆ ಸೇರಿಸಿದಾಗ ಮರಿಗಳ ತಾಳಿಕೆ ಹೆಚ್ಚಿದ್ದು 2020ರಲ್ಲಿ ಪ್ರಕಟವಾಯಿತು. ಕೊಲ್ಲಿಯ ಮಿದುಳಾಕಾರದ ಹವಳವನ್ನು ಹಿಂದೂ ಮಹಾಸಾಗರದ ಅದೇ ಜಾತಿಯ ಹವಳದೊಂದಿಗೆ ಕೂಡಿಸಿದಾಗಲೂ ಮರಿಗಳಿಗೆ ಬಿಸಿ ತಾಳುವ ಗುಣ ದಾಟಿತು. ಇವೆಲ್ಲ ಇನ್ನೂ ತೊಟ್ಟಿಗಳ ಮತ್ತು ಸಣ್ಣ ತಾಕುಗಳ ಮಟ್ಟದ ಕೆಲಸಗಳು. ಆಸ್ಟ್ರೇಲಿಯಾದ ದಿಬ್ಬಸಾಲು ಒಂದೇ 2,300 ಕಿಲೋಮೀಟರ್ ಉದ್ದವಿದೆ.

ಕೊಲ್ಲಿಯಲ್ಲೇ ಮಿತಿ ಮೀರಿದಾಗ

35 ಡಿಗ್ರಿ ತಾಳುವ ಹವಳಕ್ಕೆ ಭಯವಿಲ್ಲ ಎಂದುಕೊಳ್ಳುವುದು ತಪ್ಪಾಗುತ್ತದೆ. ಕೊಲ್ಲಿಯ ಹವಳಗಳು ತಮ್ಮ ಮಿತಿಯ ಅಂಚಿನಲ್ಲೇ ಬದುಕುತ್ತಿವೆ. ಪ್ರತಿ ಬೇಸಿಗೆಯಲ್ಲಿ ವಾಯವ್ಯದಿಂದ ಶಮಾಲ್ ಎಂಬ ಗಾಳಿ ಬೀಸುತ್ತದೆ. ಅದು ಬೀಸಿದಾಗ ಮೇಲ್ಪದರದ ನೀರು ಹೆಚ್ಚು ಆವಿಯಾಗಿ ಕಡಲು ತುಸು ತಂಪಾಗುತ್ತದೆ. ಹವಳಕ್ಕೆ ಬೇಸಿಗೆಯಲ್ಲಿ ಸಿಗುವ ಬಿಡುವು ಇದೊಂದೇ. 2017ರ ಬೇಸಿಗೆಯಲ್ಲಿ ಆ ಗಾಳಿ ದುರ್ಬಲವಾಗಿತ್ತು. ನೀರು ವಾರಗಟ್ಟಲೆ ಮಿತಿಯ ಮೇಲೆ ನಿಂತಿತು. ಅಬುಧಾಬಿಯ ಕಡೆ ಬಹುತೇಕ ಎಲ್ಲ ಹವಳಗಳೂ ಬಿಳಿಚಿದವು. ಮರುವರ್ಷದ ಏಪ್ರಿಲ್ ವೇಳೆಗೆ ಸಮೀಕ್ಷೆ ನಡೆದ ದಿಬ್ಬಗಳಲ್ಲಿ ಮೂರರಲ್ಲಿ ಎರಡು ಪಾಲು ಹವಳ ಇಲ್ಲವಾಗಿತ್ತು. ಇದಕ್ಕೆ ಮುಂಚೆ 1996, 1998, 2010ರಲ್ಲೂ ಅಲ್ಲಿ ದೊಡ್ಡ ಬಿಳಿಚುವಿಕೆಗಳು ಆಗಿದ್ದವು. ಕವಲು ಕವಲಾಗಿ ಬೇಗ ಬೆಳೆಯುವ ಅಕ್ರೊಪೊರಾ ಜಾತಿಗಳು ಪ್ರತಿ ಸಲವೂ ಮೊದಲು ಸತ್ತವು.

ನಮ್ಮ ಕಡಲಿನ ಸ್ಥಿತಿ

ಚಿತ್ರದುರ್ಗ, ದಾವಣಗೆರೆಯಿಂದ ಮುರ್ಡೇಶ್ವರಕ್ಕೆ ಹೋಗಿಬರುವವರು ಬಹಳ. ಅಲ್ಲಿಂದ ದೋಣಿಯಲ್ಲಿ ತಲುಪುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಭಾರತದ ದೊಡ್ಡ ಹವಳ ಪ್ರದೇಶಗಳು ಲಕ್ಷದ್ವೀಪ, ಮನ್ನಾರ್ ಕೊಲ್ಲಿ, ಕಛ್ ಕೊಲ್ಲಿ ಹಾಗೂ ಅಂಡಮಾನ್ ನಿಕೋಬಾರ್. ಇವುಗಳಲ್ಲಿ ಲಕ್ಷದ್ವೀಪದ ಮಾತು ಬೇರೆ, ಏಕೆಂದರೆ ಅಲ್ಲಿ ನೆಲವೇ ಹವಳದ್ದು. ಒಟ್ಟು 32 ಚದರ ಕಿಲೋಮೀಟರ್ ವಿಸ್ತೀರ್ಣದ ಆ ದ್ವೀಪಗಳಲ್ಲಿ 2011ರ ಜನಗಣತಿಯಂತೆ 64 ಸಾವಿರಕ್ಕೂ ಹೆಚ್ಚು ಜನರಿದ್ದರು. ಸುತ್ತಲಿನ ದಿಬ್ಬ ಅಲೆಗಳ ಹೊಡೆತವನ್ನು ತಡೆಯುವುದರಿಂದ ಆ ತಗ್ಗು ನೆಲ ಉಳಿದಿದೆ.

ಮೈಸೂರಿನಲ್ಲಿ ನೆಲೆ ಹೊಂದಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಅಗತ್ತಿ, ಕದ್ಮತ್ ಮತ್ತು ಕವರತ್ತಿ ದ್ವೀಪಗಳ ದಿಬ್ಬಗಳನ್ನು 1998ರಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ಅಳೆಯುತ್ತಾ ಬಂದರು. ಆರಂಭದಲ್ಲಿ ದಿಬ್ಬದ ಸುಮಾರು ಶೇ 37 ಭಾಗವನ್ನು ಜೀವಂತ ಹವಳ ಆವರಿಸಿತ್ತು, ಕೊನೆಯ ವೇಳೆಗೆ ಅದು ಶೇ 20ಕ್ಕಿಂತ ಕೆಳಗಿಳಿದಿತ್ತು. ಬೇಗ ಬೆಳೆಯುವ ಜಾತಿಗಳಿಗೂ ದೊಡ್ಡ ಬಿಳಿಚುವಿಕೆಯಿಂದ ಪೂರ್ತಿ ಚೇತರಿಸಿಕೊಳ್ಳಲು ಹತ್ತರಿಂದ ಹದಿನೈದು ವರ್ಷ ಬೇಕು. ಜಗತ್ತಿನ ನೂರು ದಿಬ್ಬಗಳ ದಾಖಲೆಯನ್ನು ಪರಿಶೀಲಿಸಿದ 2018ರ ಅಧ್ಯಯನದಂತೆ, 1980ರ ದಶಕದ ಆರಂಭದಲ್ಲಿ ಒಂದೇ ದಿಬ್ಬಕ್ಕೆ ತೀವ್ರ ಬಿಳಿಚುವಿಕೆ 25ರಿಂದ 30 ವರ್ಷಕ್ಕೊಮ್ಮೆ ಬರುತ್ತಿತ್ತು, 2016ರ ವೇಳೆಗೆ ಆ ಅಂತರ ಸುಮಾರು 6 ವರ್ಷಕ್ಕೆ ಇಳಿದಿತ್ತು. ಲಕ್ಷದ್ವೀಪದಲ್ಲಿ ದೊಡ್ಡ ಬಿಳಿಚುವಿಕೆಗಳು ಆದದ್ದು 1998, 2010, 2016 ಮತ್ತು 2024ರಲ್ಲಿ. ಮೊದಲ ಎರಡರ ನಡುವೆ ಹನ್ನೆರಡು ವರ್ಷಗಳಿದ್ದವು, ಆಮೇಲೆ ಆರು, ಆಮೇಲೆ ಎಂಟು.